ಎನ್‌ಚಾನ್: ದರ ಪೋಸ್ಟ್ ಮಾಡಿದರೆ 202 ಬರುತ್ತೆ, ಫೋನಿಗೆ ಏನೂ ತಲುಪಲ್ಲ

ಅಡಿಕೆಚಪ್ಪರ:
ಶಿರಸಿ ಕಡೆಯ ನಮ್ಮೂರ ಅಡಿಕೆ ಬೆಳೆಗಾರರಿಗಾಗಿ ಒಂದು ಸಣ್ಣ ಪುಟ ಮಾಡಿದ್ದೇನೆ. ಟೆಂಡರ್ ದರ ಗೊತ್ತಾದ ಹಾಗೆ ಚಾಲಿ, ರಾಶಿ, ಕೆಂಪುಗೋಟು, ಬಿಳಿಗೋಟು, ತಟ್ಟಿಬೆಟ್ಟೆ ಹೀಗೆ ಒಂದೊಂದು ಬಗೆಯದನ್ನೂ ನಾನೇ ಫಾರಂನಲ್ಲಿ ತುಂಬುತ್ತೇನೆ. ಪಿಎಚ್‌ಪಿ ಸ್ಕ್ರಿಪ್ಟ್ ಅದನ್ನು ಎಂಜಿನ್‌ಎಕ್ಸ್ ವೆಬ್ ಸರ್ವರ್‌ನ ಎನ್‌ಚಾನ್ (ಬಂದ ಸಂದೇಶವನ್ನು ಕಾಯುತ್ತಿರುವವರಿಗೆಲ್ಲ ತಕ್ಷಣ ಹಂಚುವ) ಮಾಡ್ಯೂಲ್‌ಗೆ ಪೋಸ್ಟ್ ಮಾಡುತ್ತದೆ. ಪುಟ ತೆರೆದಿಟ್ಟುಕೊಂಡವರ ಫೋನಿನಲ್ಲಿ ದರ ತಾನಾಗಿ ಬದಲಾಗಬೇಕು.

ಬಗೆಗೊಂದು ಚಾನೆಲ್ (ಸಂದೇಶ ಹೋಗುವ ದಾರಿ) ಇಟ್ಟಿದ್ದೇನೆ, ಹೆಸರೂ ಕನ್ನಡದಲ್ಲೇ. ಪಬ್ಲಿಷರ್ (ಕಳಿಸುವ), ಸಬ್‌ಸ್ಕ್ರೈಬರ್ (ಕೇಳುವ) ಎರಡೂ ಲೊಕೇಶನ್‌ಗಳಲ್ಲಿ ಎನ್‌ಚಾನ್_ಚಾನೆಲ್_ಐಡಿ ಎದುರಿಗೆ $ಆರ್ಗ್_ಐಡಿ ಕೊಟ್ಟಿದ್ದೇನೆ, ಅಂದರೆ ವಿಳಾಸದಲ್ಲಿ ಐಡಿ ಎಂದು ಕೊಟ್ಟದ್ದೇ ಚಾನೆಲ್ ಹೆಸರು. ಇಂಗ್ಲಿಷ್ ಅಕ್ಷರದಲ್ಲಿ 'ಟೆಸ್ಟ್' ಅಂತ ಚಾನೆಲ್ ಮಾಡಿ ಕರ್ಲ್ ಕಮಾಂಡ್‌ನಿಂದ ಕಳಿಸಿದರೆ 201 ಬರುತ್ತೆ, ಫೋನಿಗೂ ಬರುತ್ತೆ. ಸ್ಕ್ರಿಪ್ಟ್‌ನಿಂದ 'ಚಾಲಿ'ಗೆ ಕಳಿಸಿದರೆ 202, ಫೋನ್ ಸುಮ್ಮನಿರುತ್ತದೆ. ಎರರ್ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಮೂರು ರಾತ್ರಿ ಇದರ ಹಿಂದೆ ಬಿದ್ದಿದ್ದೇನೆ. ಅಪ್ಪ ದಿನಾ ಸಂಜೆ ದರ ಕೇಳಲು ನಾಲ್ಕು ಜನಕ್ಕೆ ಫೋನ್ ಮಾಡುತ್ತಾರೆ, ಅದನ್ನು ತಪ್ಪಿಸಬೇಕೆಂದೇ ಶುರು ಮಾಡಿದ ಕೆಲಸ ಇದು.

ತುಂಗಾತೀರ:
202 ಅಂದರೆ ತಪ್ಪಾಯಿತು ಎಂದಲ್ಲ. ಸಂದೇಶ ಇಟ್ಟುಕೊಂಡೆ, ಈ ಚಾನೆಲ್‌ನಲ್ಲಿ ಕೇಳುವವರು ಯಾರೂ ಇಲ್ಲ ಎಂದು ಅರ್ಥ. ಕೇಳುವವರಿದ್ದರೆ 201. ಹಾಗಾಗಿ ನಿಮ್ಮ ಸ್ಕ್ರಿಪ್ಟ್ ಒಂದು ಚಾನೆಲ್‌ಗೆ ಬರೆಯುತ್ತಿದೆ, ಫೋನ್ ಇನ್ನೊಂದರಲ್ಲಿ ಕಾಯುತ್ತಿದೆ. ಪಬ್ಲಿಷರ್ ವಿಳಾಸಕ್ಕೇ ಒಂದು ಗೆಟ್ ವಿನಂತಿ ಕಳಿಸಿ ನೋಡಿ, ಆ ಚಾನೆಲ್‌ನಲ್ಲಿ ಎಷ್ಟು ಸಂದೇಶ, ಎಷ್ಟು ಸಬ್‌ಸ್ಕ್ರೈಬರ್ ಇದ್ದಾರೆ ಎಂದು ಹೇಳುತ್ತದೆ.

ನನ್ನ ಅನುಮಾನ ಕನ್ನಡ ಹೆಸರಿನ ಮೇಲೆ. 'ಚಾಲಿ' ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) 12 ಬೈಟ್. ಬ್ರೌಸರ್ ಅದನ್ನು ಶೇಕಡಾ ಚಿಹ್ನೆ ಹಾಕಿ 36 ಅಕ್ಷರ ಮಾಡಿ ಕಳಿಸುತ್ತದೆ. ನಿಮ್ಮ ಪಿಎಚ್‌ಪಿ ಬಹುಶಃ ಆ 12 ಬೈಟನ್ನು ಹಾಗೇ ಕಳಿಸುತ್ತಿದೆ. $ಆರ್ಗ್_ಐಡಿಯನ್ನು ಎಂಜಿನ್‌ಎಕ್ಸ್ ಬಿಡಿಸಿ ಓದುವುದಿಲ್ಲ, ಬಂದದ್ದು ಬಂದ ಹಾಗೇ ಚಾನೆಲ್ ಹೆಸರಾಗುತ್ತದೆ. ನಮ್ಮ ಕಣ್ಣಿಗೆ ಒಂದೇ ಚಾಲಿ, ಎನ್‌ಚಾನ್‌ಗೆ ಎರಡು. ಎರರ್ ಲಾಗ್ ಬಿಡಿ, ಆಕ್ಸೆಸ್ ಲಾಗ್ ತೆರೆಯಿರಿ: ಫೋನಿನ ಸಾಲಿನಲ್ಲಿ ಶೇಕಡಾ ಚಿಹ್ನೆಗಳಿದ್ದು, ಸ್ಕ್ರಿಪ್ಟ್‌ನ ಸಾಲಿನಲ್ಲಿ ಬ್ಯಾಕ್‌ಸ್ಲ್ಯಾಶ್ ಎಕ್ಸ್ ಇದ್ದರೆ ಇದೇ ಕಾರಣ. ಪಿಎಚ್‌ಪಿಯಲ್ಲಿ ಹೆಸರನ್ನು ರಾ-ಯುಆರ್‌ಎಲ್-ಎನ್‌ಕೋಡ್ ಮಾಡಿ ಕಳಿಸಿ, ಆಗ ಅದೂ ಶೇಕಡಾ ಚಿಹ್ನೆಯ ರೂಪದಲ್ಲೇ ಹೋಗುತ್ತದೆ.

ಮಧುಗಿರಿ_ಲಿನಕ್ಸ್:
ಮೇಲಿನವರು ಹೇಳಿದ್ದು ಸರಿ. ಆದರೆ ಐದು ಚಾನೆಲ್ ಯಾಕೆ ಬೇಕು ಸರ್? ಎಚ್‌ಟಿಟಿಪಿ 1.1ರಲ್ಲಿ ಬ್ರೌಸರ್ ಒಂದು ಡೊಮೇನ್‌ಗೆ ಸಾಮಾನ್ಯವಾಗಿ 6 ಕನೆಕ್ಷನ್ ಮಾತ್ರ ತೆರೆಯುತ್ತದೆ. ಐದು ಈವೆಂಟ್‌ಸೋರ್ಸ್ (ಸರ್ವರ್‌ಗೆ ತೆರೆದೇ ಇರುವ ಕನೆಕ್ಷನ್) ಇಟ್ಟು, ಯಾರಾದರೂ ಇನ್ನೊಂದು ಟ್ಯಾಬ್‌ನಲ್ಲೂ ಪುಟ ತೆರೆದರೆ ಅಲ್ಲಿಗೆ ನಿಂತಿತು. ಒಂದೇ ಚಾನೆಲ್ ಮಾಡಿ, ಒಂದು ದರ ಬದಲಾದರೂ ಆ ದಿನದ ಇಡೀ ಪಟ್ಟಿಯನ್ನು ಜೇಸನ್ ಆಗಿ ಕಳಿಸಿ. ಬಗೆಯ ಹೆಸರು ಪಟ್ಟಿಯೊಳಗೆ ಕನ್ನಡದಲ್ಲೇ ಇರಲಿ, ಚಾನೆಲ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ.

ಆಮೇಲೆ ಎನ್‌ಚಾನ್_ಮೆಸೇಜ್_ಬಫರ್_ಲೆಂತ್ (ಚಾನೆಲ್‌ನಲ್ಲಿ ಎಷ್ಟು ಸಂದೇಶ ಇಟ್ಟುಕೊಳ್ಳಬೇಕು ಎಂಬುದು) 1 ಮಾಡಿ. ಹಾಕದಿದ್ದರೆ 10 ಇರುತ್ತದೆ, ಪುಟ ತೆರೆದವರಿಗೆ ಹಳೇ ಪಟ್ಟಿಗಳು ಮೊದಲಿನಿಂದ ಸಾಲಾಗಿ ಬರುತ್ತವೆ. ಎನ್‌ಚಾನ್_ಮೆಸೇಜ್_ಟೈಮ್‌ಔಟ್ ತಾನಾಗಿ 1 ಗಂಟೆ. ಮಧ್ಯಾಹ್ನ ಕಳಿಸಿದ ದರ ಸಂಜೆ ಪುಟ ತೆರೆದವರಿಗೆ ಸಿಗುವುದಿಲ್ಲ, 24 ಗಂಟೆ ಕೊಡಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಪಬ್ಲಿಷರ್ ಲೊಕೇಶನ್‌ಗೆ ಅಲ್ಲೌ 127.0.0.1 (ಇದೇ ಸರ್ವರ್‌ಗೆ ಬಿಡು), ಅದರ ಕೆಳಗೆ ಡಿನೈ ಆಲ್ (ಉಳಿದವರನ್ನೆಲ್ಲ ತಡೆ) ಹಾಕಿದ್ದೀರಾ? ಇಲ್ಲದಿದ್ದರೆ ವಿಳಾಸ ಗೊತ್ತಿರುವ ಯಾರು ಬೇಕಾದರೂ ಸುಳ್ಳು ದರ ಹಾಕಬಹುದು. ಕ್ವಿಂಟಲ್ ಮೇಲೆ ಸಾವಿರ ಕಡಿಮೆ ತೋರಿಸಿದರೆ ಅದನ್ನು ನಂಬಿ ಮನೆಬಾಗಿಲಿಗೆ ಬಂದ ವ್ಯಾಪಾರಿಗೆ ಕೊಟ್ಟುಬಿಡುವವರಿದ್ದಾರೆ.

ಅಡಿಕೆಚಪ್ಪರ:
ಇಬ್ಬರಿಗೂ ತುಂಬಾ ಉಪಕಾರವಾಯಿತು. ಆಕ್ಸೆಸ್ ಲಾಗ್‌ನಲ್ಲಿ ತುಂಗಾತೀರ ಹೇಳಿದ ಹಾಗೇ ಇತ್ತು, ಒಂದು ಸಾಲು ಶೇಕಡಾ, ಅದರ ಕೆಳಗಿನದು ಬ್ಯಾಕ್‌ಸ್ಲ್ಯಾಶ್. ಎನ್‌ಕೋಡ್ ಮಾಡಿದ ತಕ್ಷಣ 201 ಬಂತು. ಆದರೂ ಐದು ಚಾನೆಲ್ ಬಿಟ್ಟು ಒಂದಕ್ಕೇ ಬಂದಿದ್ದೇನೆ. ಬಫರ್ 1, ಟೈಮ್‌ಔಟ್ 24 ಗಂಟೆ ಮಾಡಿದೆ. ನಿನ್ನೆ ರಾತ್ರಿ ಎಂಟೂವರೆಗೆ ಅಪ್ಪನ ಫೋನಿನಲ್ಲಿ ಪುಟ ತೆರೆದರೆ ಮಧ್ಯಾಹ್ನದ ಪಟ್ಟಿ ಪೂರ್ತಿ ಇತ್ತು.

ಡಿನೈ ಸಾಲು ಹಾಕಿರಲಿಲ್ಲ. ಎರಡು ವಾರ ಆ ಬಾಗಿಲು ತೆರೆದೇ ಇತ್ತು ಎಂದು ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. ಈಗ ಹಾಕಿದೆ. ಮೊಬೈಲ್ ಡೇಟಾದಿಂದ ಪೋಸ್ಟ್ ಮಾಡಿ ನೋಡಿದೆ, 403 (ಪ್ರವೇಶವಿಲ್ಲ) ಬಂತು. ಹಳೇ ಆಕ್ಸೆಸ್ ಲಾಗ್‌ಗಳನ್ನೂ ತಿರುವಿ ಹಾಕಿದೆ, ಪೋಸ್ಟ್‌ಗಳೆಲ್ಲ ನಮ್ಮ ಸರ್ವರ್‌ನಿಂದಲೇ ಬಂದವು.