‘ಫ್ಯಾನ್ಸಿಫುಲ್’: ಮೆಚ್ಚುಗೆಯೋ ಟೀಕೆಯೋ?

‘ಫ್ಯಾನ್ಸಿಫುಲ್’ ಅನ್ನೋ ಇಂಗ್ಲಿಷ್ ಗುಣವಾಚಕ ಎದುರಾದರೆ ನಾವು ಸುಮ್ನೆ ‘ಕಾಲ್ಪನಿಕ’ ಅಂತ ಬರೆದು ಮುಂದೆ ಹೋಗುತ್ತೇವೆ. ನನಗದು ಒಪ್ಪಿಗೆಯಿಲ್ಲ. ಕಾಲ್ಪನಿಕ ಅಂದರೆ ನಿಜದಲ್ಲಿ ಇಲ್ಲದ್ದು, ಅಷ್ಟೇ. ಅದಕ್ಕೆ ಇಂಗ್ಲಿಷಿನಲ್ಲಿ ‘ಇಮ್ಯಾಜಿನರಿ’ ಇದೆ. ಫ್ಯಾನ್ಸಿಫುಲ್ ಅನ್ನುವಾಗ ಕಲ್ಪನೆ ಲಗಾಮಿಲ್ಲದೆ ಓಡಿದೆ ಅನ್ನೋ ಭಾವ ಇರುತ್ತದೆ. ಜೊತೆಗೆ, ಆಡಿದವರ ಅಭಿಪ್ರಾಯವೂ ಸೇರಿರುತ್ತದೆ.

ಆ ಅಭಿಪ್ರಾಯ ಯಾವ ಕಡೆಗೆ ವಾಲುತ್ತದೆ ಅನ್ನೋದನ್ನು ಪಕ್ಕದ ನಾಮಪದ ಹೇಳುತ್ತದೆ. ಮಗುವೊಂದು ಮನೆಯ ಚಿತ್ರ ಬರೆದಿದೆ ಅನ್ನಿ. ಬಾಗಿಲಿಗೆ ರೆಕ್ಕೆ, ಹೊಗೆಗೂಡಿನ ಜಾಗದಲ್ಲಿ ಆನೆಯ ಸೊಂಡಿಲು. ಇದನ್ನು ‘ಫ್ಯಾನ್ಸಿಫುಲ್ ಡ್ರಾಯಿಂಗ್’ ಅಂದರೆ ಮೆಚ್ಚುಗೆ. ಅದೇ ಪದವನ್ನು ‘ಪ್ಲ್ಯಾನ್’, ‘ಥಿಯರಿ’ ಪಕ್ಕ ಇಟ್ಟು ನೋಡಿ. ಬುಡವಿಲ್ಲದ್ದು, ನಡೆಯೋ ಮಾತಲ್ಲ ಅಂತ ತಳ್ಳಿಹಾಕಿದ ಹಾಗಾಗುತ್ತದೆ. ಹಾಗಾಗಿ ಮೊದಲನೆಯದಕ್ಕೆ ‘ಕಲ್ಪನೆ ಕುಣಿದಾಡುವ ಚಿತ್ರ’ ಅನ್ನಬಹುದು, ಎರಡನೆಯದಕ್ಕೆ ‘ಗಾಳಿಗೋಪುರ’ ಸಾಕು. ಗುಣವಾಚಕಕ್ಕೆ ಗುಣವಾಚಕವೇ ಬೇಕು ಅಂತೇನಿಲ್ಲ, ಅಲ್ವಾ?

‘ಫ್ಯಾನ್ಸಿ’ ಅನ್ನೋದು ‘ಫ್ಯಾಂಟಸಿ’ಯೇ ಸವೆದು ಆದ ರೂಪ. ಕವಿ ಕೋಲ್‌ರಿಜ್ 1817ರಲ್ಲಿ ಫ್ಯಾನ್ಸಿಯನ್ನು ಇಮ್ಯಾಜಿನೇಷನ್‌ಗಿಂತ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದ. ಫ್ಯಾನ್ಸಿ ನೆನಪಿನಲ್ಲಿರೋ ಸರಕನ್ನೇ ಅತ್ತಿತ್ತ ಜೋಡಿಸುತ್ತದೆ, ಇಮ್ಯಾಜಿನೇಷನ್ ಹೊಸದನ್ನು ಹುಟ್ಟಿಸುತ್ತದೆ ಅನ್ನೋದು ಅವನ ವಾದ. ‘ಇಮ್ಯಾಜಿನೇಟಿವ್’ ಅಂದರೆ ಇಂದಿಗೂ ಹೆಚ್ಚಾಗಿ ಹೊಗಳಿಕೆಯೇ. ಫ್ಯಾನ್ಸಿಫುಲ್‌ಗೆ ಆ ಭರವಸೆ ಇಲ್ಲ. ‘ವಿಮ್ಸಿಕಲ್’ ಬೇರೆ, ಅದು ಲಹರಿ ಬಂದಂತೆ ನಡೆಯೋದು. ಇನ್ನು ಶೋಕಿ, ದುಬಾರಿ ಅನ್ನೋ ಅರ್ಥಕ್ಕೆ ‘ಫ್ಯಾನ್ಸಿ’ ಮಾತ್ರ ಸರಿ, ‘ಫ್ಯಾನ್ಸಿಫುಲ್’ ಅಲ್ಲ.

ಕಾನೂನಿನ ಬಳಕೆ ಇನ್ನೂ ಸ್ವಾರಸ್ಯವಾಗಿದೆ. ಅಮೆರಿಕದ ಟ್ರೇಡ್‌ಮಾರ್ಕ್ ಕಾನೂನಿನಲ್ಲಿ ಫ್ಯಾನ್ಸಿಫುಲ್ ಅಂದರೆ ಯಾವ ಅರ್ಥವೂ ಇಲ್ಲದೆ ಹೊಸದಾಗಿ ಕಟ್ಟಿದ ಹೆಸರು. 1888ರ ಕ್ಯಾಮೆರಾ ಹೆಸರು ‘ಕೊಡಾಕ್’ ಇದಕ್ಕೆ ಉದಾಹರಣೆ. ಇಂಥ ಹೆಸರಿಗೇ ಅಲ್ಲಿ ರಕ್ಷಣೆ ಜಾಸ್ತಿ. ಇಂಗ್ಲೆಂಡಿನ ಸಿವಿಲ್ ಕೋರ್ಟುಗಳಲ್ಲಾದರೆ, ಕೇಸು ಪೂರ್ತಿ ವಿಚಾರಣೆಗೆ ಹೋಗಬೇಕಾದರೆ ಗೆಲ್ಲೋ ಅವಕಾಶ ‘ರಿಯಲ್’ ಆಗಿರಬೇಕು, ‘ಫ್ಯಾನ್ಸಿಫುಲ್’ ಆಗಿದ್ದರೆ ಸಾಲದು. ಮೊದಲನೆಯದಕ್ಕೆ ‘ಕಟ್ಟಿದ ಹೆಸರು’ ಹೊಂದುತ್ತದೆ. ಎರಡನೆಯದಕ್ಕೆ ಸದ್ಯಕ್ಕೆ ‘ಬರೀ ಊಹೆಯ’ ಅಂತ ಬಳಸುತ್ತಿದ್ದೇನೆ, ಆದರೆ ಅದರಲ್ಲಿ ತಳ್ಳಿಹಾಕುವ ಬಿರುಸು ಸಾಲದು. ಇದಕ್ಕಿಂತ ಗಟ್ಟಿ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.