ಉಳಿದ ದುಡ್ಡು ಎಲ್ಲಿದೆ?

"ಈ ವಾರ 342 ರೂಪಾಯಿ ಉಳಿಸಿದೆ ಕಣ್ರೋ!"

ನಾಣಿ ಫೋನನ್ನು ಮಂಗಳಾರತಿ ತಟ್ಟೆಯ ಹಾಗೆ ಎಲ್ಲರ ಮುಖದ ಮುಂದೆ ಒಂದು ಸುತ್ತು ತಂದ. ದಿನಸಿ ತರಿಸೋ ಆ್ಯಪಿನ ಪರದೆ ಮೇಲೆ ಹಸಿರು ಪಟ್ಟಿ, ಅದರ ಮೇಲೆ ಉದುರೋ ಬಣ್ಣದ ಕಾಗದ, ಕೆಳಗೆ ಅಭಿನಂದನೆ. ಗಾಂಧಿ ಬಜಾರಿನ ನಮ್ಮ ಮಾಮೂಲಿ ಹೋಟೆಲ್ಲಿನ ಮುಂದೆ ನಮ್ಮ ಬೈಟು ಕಾಫಿ ಆಗಲೇ ಬಂದಿತ್ತು.

ಕಿಟ್ಟಿ ಕನ್ನಡಕ ಏರಿಸಿ ಪೂರ್ತಿ ಓದಿದ. "ಸಂತೋಷ. ಎಲ್ಲಿದೆ?"

"ಏನು ಎಲ್ಲಿದೆ?"

"342 ರೂಪಾಯಿ."

"ಉಳೀತು ಅಂದ್ನಲ್ಲೋ!"

"ಉಳಿದದ್ದು ಎಲ್ಲಾದರೂ ಇರಬೇಕಲ್ಲಪ್ಪ. ಜೇಬಲ್ಲಿದೆಯೋ, ಪಾಸ್‌ಬುಕ್ಕಲ್ಲಿದೆಯೋ? ಹತ್ತು ರೂಪಾಯಿ ಟ್ಯಾಲಿ ಆಗಲಿಲ್ಲ ಅಂತ ರಾತ್ರಿ ಒಂಬತ್ತರ ತನಕ ಕ್ಯಾಶ್ ಕೌಂಟರಲ್ಲಿ ಕೂತವನು ನಾನು. ಎಲ್ಲಿದೆ ಅಂತ ಕೇಳೋದು ಚಾಳಿ."

"ಸರಿ, ಖರ್ಚಾಗಿದ್ದೆಷ್ಟು?" ಅಂದ ಸೀನ.

"1,486."

"ತರಿಸಬೇಕಿದ್ದದ್ದೇನು?"

ನಾಣಿ ಕಾಫಿ ಲೋಟದೊಳಗೆ ನೋಡುತ್ತಾ ಹೇಳಿದ, "ಒಂದು ಕಟ್ಟು ಕೊತ್ತಂಬರಿ ಸೊಪ್ಪು."

ಮೇಷ್ಟ್ರಿಗೆ ಕಾಫಿ ನೆತ್ತಿಗೆ ಹತ್ತಿತು.

"ನಗಬೇಡಿ ಮೇಷ್ಟ್ರೇ, ಪೂರ್ತಿ ಕೇಳಿ. ಬರೀ ಕೊತ್ತಂಬರಿ ತರಿಸಿದರೆ ಡೆಲಿವರಿಗೆ 30 ರೂಪಾಯಿ. 199 ದಾಟಿದರೆ ಫ್ರೀ. ಅದಕ್ಕೆ ಒಂದು ಪಾಸ್ತಾ ಹಾಕಿದೆ. ಪಾಸ್ತಾಗೆ ಸಾಸ್ ಬೇಡವೇ? ಸಾಸು ಒಂದು ಕೊಂಡರೆ ಒಂದು ಫ್ರೀ. ಅಷ್ಟು ಹೊತ್ತಿಗೆ ಇನ್ನು 210 ರೂಪಾಯಿದು ತಗೊಂಡರೆ ಬಾದಾಮಿಗೆ ಅರ್ಧ ಬೆಲೆ ಅಂತ ಬಂತು..."

"ನಿಮ್ಮನೇಲಿ ಪಾಸ್ತಾ ಯಾರು ತಿಂತಾರೆ?"

"ಯಾರೂ ತಿನ್ನಲ್ಲ."

"ಕೊತ್ತಂಬರಿ ತರೋಕೆ ಹೋದವನು ಇಟಲಿ ತನಕ ಹೋಗಿ ಬಂದಿದ್ದಾನೆ," ಅಂದ ಕಿಟ್ಟಿ. "30 ರೂಪಾಯಿ ಬಸ್ ಚಾರ್ಜ್ ಉಳಿಸೋಕೆ. ಹೋಗಲಿ, ಕೊತ್ತಂಬರಿ ಹೆಂಗಿತ್ತು?"

"ಸ್ಟಾಕ್ ಇಲ್ಲ ಅಂತ ಅದರ ದುಡ್ಡು ವಾಪಸ್ ಹಾಕಿದರು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎದುರಿಗೇ, ಕೈಗೆಟಕುವ ದೂರದಲ್ಲಿ, ಒಬ್ಬ ಹೆಂಗಸು ಕೊತ್ತಂಬರಿ ರಾಶಿಗೆ ನೀರು ಚಿಮುಕಿಸುತ್ತಿದ್ದಳು.

"ಅದೇನೇ ಅಂದ್ರೂ ಎಂ.ಆರ್.ಪಿ.ಗಿಂತ 342 ಕಡಿಮೆಗೆ ತಗೊಂಡೆ," ನಾಣಿ ಬಿಡಲಿಲ್ಲ.

"ಎಂ.ಆರ್.ಪಿ. ಅಂದರೆ ಬೆಲೆ ಅಲ್ಲವೋ," ಅಂದ ಕಿಟ್ಟಿ. "ಇದಕ್ಕಿಂತ ಒಂದು ಪೈಸೆ ಜಾಸ್ತಿ ತಗೋಬಾರದು ಅಂತ ಕಾನೂನು ಎಳೆಸಿದ ಗೆರೆ. ಗೆರೆ ದಾಟಲಿಲ್ಲ ಅಂತ ರಾವಣ ಬಂದು ಸನ್ಮಾನ ಮಾಡಿ ಅನ್ನೋ ಹಾಗಾಯ್ತು! ಆ ಲೆಕ್ಕದಲ್ಲಿ ನಾನು ಇವತ್ತು ಹತ್ತು ಲಕ್ಷದ ಕಾರು ತಗೊಳ್ಳಲಿಲ್ಲ. ಹತ್ತು ಲಕ್ಷ ಉಳೀತು. ಬಣ್ಣದ ಕಾಗದ ಉದುರಿಸಿ."

ಸೀನ ಪೇಪರ್ ನ್ಯಾಪ್ಕಿನ್ ಹರಿದು ಅವನ ತಲೆ ಮೇಲೆ ಉದುರಿಸಿದ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಇದಕ್ಕೆಲ್ಲ ಬಜೆಟ್ ಇರಬೇಕು. ನನ್ನ ಮಗ ಅಮೆರಿಕದಿಂದ ಎಕ್ಸೆಲ್ ಶೀಟ್ ಮಾಡಿ ಕಳಿಸಿದ್ದಾನೆ. ವಾರಕ್ಕೆ 2,000. ದಿನಸಿ, ತರಕಾರಿ, ಹಾಲು ಎಲ್ಲಕ್ಕೂ ಒಂದೊಂದು ಕಾಲಂ."

"ಕೂಡುತ್ತಾ ಮೇಷ್ಟ್ರೇ?"

"ಹಾಲಿನಲ್ಲಿ ಕೆಟ್ಟಿತು. 2024ರ ಜೂನಿನಲ್ಲಿ ನಂದಿನಿ ನೀಲಿ ಪ್ಯಾಕೆಟ್ಟಿಗೆ 2 ರೂಪಾಯಿ ಏರಿಸಿ, ಬೇಜಾರಾಗಬಾರದು ಅಂತ 50 ಎಂ.ಎಲ್. ಹಾಲೂ ಏರಿಸಿದರಲ್ಲ? ನಾನು ಶೀಟಿನಲ್ಲಿ 'ಹೆಚ್ಚುವರಿ ಹಾಲು' ಅಂತ ಹೊಸ ಕಾಲಂ ಹಾಕಿದೆ. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿಸಿ ಆ 50 ಎಂ.ಎಲ್. ವಾಪಸ್ ತಗೊಂಡರು. ಕಾಲಂ ಅಳಿಸಿದೆ. ಅಲ್ಲಿಂದ ಇಡೀ ಶೀಟು ಎರರ್. ಮಗನಿಗೆ ಫೋನ್ ಮಾಡೋಣ ಅಂದರೆ ಅಲ್ಲಿ ರಾತ್ರಿ."

"ಆ 50 ಎಂ.ಎಲ್.ನಲ್ಲಿ ನೀವು ಹೆಚ್ಚಿಗೆ ಕಾಫಿ ಕುಡಿದಿರಾ?"

"ಅದಕ್ಕೆ ಕಾಲಂ ಇರಲಿಲ್ಲಪ್ಪ."

ಸೀನನಿಗೆ ಬಜೆಟ್ಟಿನ ಮೇಲೇ ನಂಬಿಕೆಯಿಲ್ಲ. "2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ 100 ದಾಟಿತು. ಆಗ ಯಾವ ಶೀಟು ಏನು ಮಾಡ್ತಿತ್ತು? ಕೋಲಾರದಲ್ಲಿ ಅಷ್ಟು ದೊಡ್ಡ ಟೊಮೆಟೊ ಮಾರ್ಕೆಟ್ ಇಟ್ಕೊಂಡು ನಾವು ಎರಡು ತಿಂಗಳು ಹುಣಸೆಹಣ್ಣಿನ ಸಾರು ಕುಡಿದೆವು."

"ನೀನು ನಮ್ಮನೇಲಿ ಕುಡಿದೆ," ಅಂದ ಕಿಟ್ಟಿ. "ನಿನ್ನ ಉಳಿತಾಯ ಎಲ್ಲಿದೆ ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮನೆ ಅಕ್ಕಿ ಡಬ್ಬದ ಖಾಲಿ ಜಾಗದಲ್ಲಿದೆ."

"ನೋಡೋ ನಾಣಿ, ನನ್ನ ಉಳಿತಾಯಕ್ಕಾದರೂ ಒಂದು ವಿಳಾಸ ಇದೆ!"

ನಾಣಿ ಈಗ ದೊಡ್ಡ ಅಸ್ತ್ರ ತೆಗೆದ. ಫೋನ್ ಒತ್ತಿ ಒತ್ತಿ ಇನ್ನೊಂದು ಪುಟ ತೋರಿಸಿದ. "ಒಂದು ವಾರದ್ದು ಬಿಡಿ. ಈ ವರ್ಷ ಒಟ್ಟು ಉಳಿತಾಯ 11,260!"

"ಹಾಗಾದರೆ ಅದರಲ್ಲಿ ಒಂದು ಸಾವಿರ ಕೈಗಡ ಕೊಡು," ಅಂದ ಕಿಟ್ಟಿ. "ಪೆನ್ಷನ್ ಬಂದ ತಕ್ಷಣ ವಾಪಸ್. ನಿನ್ನ ಸ್ವಂತ ದುಡ್ಡು ಮುಟ್ಟಬೇಡ, ಉಳಿಸಿದ್ದರಲ್ಲೇ ಕೊಡು."

ನಾಣಿ ಜೇಬಿಗೆ ಕೈಹಾಕಿದ. ಯಾವ ಜೇಬು ಅಂತ ಗೊತ್ತಾಗದೆ ತೆಗೆದ.

"ನಮ್ಮಮ್ಮ ಉಳಿಸಿದ ದುಡ್ಡು ಎಲ್ಲಿತ್ತು ಅಂತ ಎಲ್ಲರಿಗೂ ಗೊತ್ತಿತ್ತು," ಅಂದ ಸೀನ. "ಸಾಸಿವೆ ಡಬ್ಬಿ. ಅಪ್ಪ ಒಬ್ಬರಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿಲ್ಲದ ಹಾಗೆ ಇದ್ದರು."

"ನಮ್ಮಲ್ಲಿ ಮೆಂತ್ಯ," ಅಂದರು ಮೇಷ್ಟ್ರು. "ಟಿ.ಸಿ.ಎಚ್. ಅಂತ ಮೇಷ್ಟ್ರ ಟ್ರೈನಿಂಗಿಗೆ ಫೀಸು ಕಟ್ಟಿದ ನೋಟು ಕಹಿ ವಾಸನೆ ಹೊಡೀತಿತ್ತು."

ಕಿಟ್ಟಿ ಇದಕ್ಕೂ ಏನಾದರೂ ಅಂತಾನೆ ಅಂತ ಕಾದೆವು. ಅವನು ಖಾಲಿ ಲೋಟ ತಿರುಗಿಸುತ್ತಾ ಕೂತಿದ್ದ.

"2016ರ ನವೆಂಬರಿನಲ್ಲಿ ಆ ಡಬ್ಬಿಗಳೆಲ್ಲ ನನ್ನ ಕೌಂಟರಿಗೆ ಬಂದವು," ಅಂದ ಆಮೇಲೆ. "8ರ ರಾತ್ರಿ ಐನೂರು, ಸಾವಿರದ ನೋಟು ರದ್ದು ಅಂದರು. 10ನೇ ತಾರೀಕು ಬಾಗಿಲು ತೆಗೆದರೆ ಬೀದಿ ತುದಿ ತನಕ ಕ್ಯೂ. ಒಬ್ಬೊಬ್ಬ ಹೆಂಗಸು ಕರ್ಚೀಫಿನ ಗಂಟು ಬಿಚ್ಚಿದರೆ ಇಂಗು, ಧನಿಯಾ, ಮೆಣಸು. ನಾಲ್ಕು ಮಡಿಕೆ ಮಾಡಿದ ನೋಟು. ಬಿಡಿಸಿ ಎಣಿಸೋ ಹೊತ್ತಿಗೆ ಸೀನು. 'ನಮ್ಮನೆಯವರ ಅಕೌಂಟಿಗೆ ಬೇಡ ಸಾರ್, ಕೈಗೇ ಕೊಡಿ.' ಎಲ್ಲರದೂ ಒಂದೇ ಮಾತು. ಒಬ್ಬರಿಗೆ ಮೊದಲು 4,000 ಅಂದರು, ಆಮೇಲೆ 4,500, ಆಮೇಲೆ 2,000. ಎರಡನೇ ಸಲ ಬರಬಾರದು ಅಂತ ಬಲಗೈ ತೋರುಬೆರಳಿಗೆ ಶಾಯಿ ಹಚ್ಚಿ ಅಂದರು. ಎಲೆಕ್ಷನ್‌ಗೆ ನಮ್ಮ ಮೈಸೂರಲ್ಲಿ ಮಾಡ್ತಾರಲ್ಲ, ಅದೇ ಶಾಯಿ."

"ಹಚ್ಚಿದೆಯಾ?"

"ದಿನವೆಲ್ಲ ಹಚ್ಚಿದೆ. ರಾತ್ರಿ ಮನೆಗೆ ಬಂದು ಊಟಕ್ಕೆ ಕೂತೆ. ಅವಳು ಹುಳಿ ಬಡಿಸೋಕೆ ಬಂದಳು. ಸೌಟು ಹಿಡಿದ ಕೈ ನೋಡಿದರೆ ತೋರುಬೆರಳಿನ ಉಗುರಿಗೆ ಕಪ್ಪು ಗೆರೆ."

ಸೀನ ಬಾಯಿ ತೆರೆದ. ಮೇಷ್ಟ್ರು ಅವನ ಮೊಣಕೈ ಒತ್ತಿದರು.

"ನಿಮಗೆ ಗೊತ್ತಲ್ಲ, ನಾನು ಮನೆಖರ್ಚಿಗೂ ಓಚರ್ ಕೇಳುತ್ತಿದ್ದವನು. ಪ್ರತಿ ಭಾನುವಾರ ಲೆಕ್ಕದ ಪುಸ್ತಕ ತರಿಸಿ ಬೇಳೆಗೆಷ್ಟು, ಸೋಪಿಗೆಷ್ಟು ಅಂತ ಟಿಕ್ ಹಾಕುತ್ತಿದ್ದೆ. ಒಂದು ಪೈಸೆ ತಪ್ಪಿದ್ದಿಲ್ಲ. ಎಲ್ಲಿಂದ ಉಳಿಸಿದಳೋ, ಇವತ್ತಿಗೂ ಹೊಳೆದಿಲ್ಲ. ನನ್ನ ಬ್ಯಾಂಕಿಗೆ ಬರದೆ ಬೇರೆ ಬ್ಯಾಂಕಿನ ಕ್ಯೂನಲ್ಲಿ ನಿಂತು ಬಂದಿದ್ದಳು."

"ಏನಂದೆ?"

"ಹುಳಿ ಚೆನ್ನಾಗಿದೆ ಅಂದೆ."

"ಎಷ್ಟಿತ್ತಂತೆ?"

"ಕೇಳಿಲ್ಲ. ಮುಂದಿನ ಭಾನುವಾರ ಪುಸ್ತಕ ತಂದಿಟ್ಟಳು. ನೀನೇ ನೋಡ್ಕೊಂಡುಬಿಡು ಅಂದೆ."

ನಾಣಿಯ ಫೋನು ಟಿಂಗ್ ಅಂತು. ನಿಮ್ಮ ಬುಟ್ಟಿಯಲ್ಲಿ ಕೊತ್ತಂಬರಿ ಕಾಯುತ್ತಿದೆ, ಇನ್ನು 180 ರೂಪಾಯಿದು ಸೇರಿಸಿ.

"ಇದೇ ನೋಡು ನನಗಾಗದೇ ಇರೋದು," ಅಂದ ಕಿಟ್ಟಿ. "ಡಬ್ಬಿ ಯಾವತ್ತೂ ಬಾಯಿ ಬಿಡುತ್ತಿರಲಿಲ್ಲ."

ಹೋಟೆಲಿನ ಹುಡುಗ ಬಿಲ್ಲು ತಂದಿಟ್ಟ. ನಾವು ಮೂವರೂ ಒಟ್ಟಿಗೆ ನಾಣಿಯ ಮುಖ ನೋಡಿದೆವು. 11,260 ಇರುವವನು ಅವನೊಬ್ಬನೇ. ಅವನು ಸ್ವಂತ ದುಡ್ಡಲ್ಲೇ ಕೊಟ್ಟ.

ಕಿಟ್ಟಿ ಆಗಲೇ ರಸ್ತೆ ದಾಟಿ ಕೊತ್ತಂಬರಿ ಹೆಂಗಸಿನ ಮುಂದೆ ಬಗ್ಗಿದ್ದ. ಹತ್ತು ರೂಪಾಯಿಗೆ ಒಂದು ಕಟ್ಟು. ಅವಳು ಕೇಳದೇನೇ ಎರಡೆಸಳು ಕರಿಬೇವು ಮೇಲೆ ಹಾಕಿದಳು. ತಂದು ನಾಣಿಯ ಕೈಗಿಟ್ಟ.

"ಕರಿಬೇವು ಕೊಸರು. ಎಲ್ಲಿದೆ ಅಂತ ಕೇಳಿದರೆ ತೋರಿಸು."