ವಿದ್ಯಾರ್ಥಿ ಕಾರ್ಯಕ್ರಮದ ಯೋಜನೆಯಿಂದ ಏನು ಕಲಿತೆವೆಂದು ಬರೆಯುವುದು ಹೇಗೆ? ಅನುಭವಿಗಳು ತಿಳಿಸಿ

ಪ್ರಶ್ನೆ (ಬಿಬಿಎ ವಿದ್ಯಾರ್ಥಿನಿ, ಹಾಸನ)

ಎಲ್ಲರಿಗೂ ನಮಸ್ಕಾರ. ಕೆಲಸದ ಮೂಲಕ ಕಲಿಕೆಯ ಭಾಗವಾಗಿ ನಮ್ಮ ತಂಡವು ಒಂದು ಅಂತರ ಕಾಲೇಜು ಸಾಂಸ್ಕೃತಿಕ ಸ್ಪರ್ಧೆಯನ್ನು ಯೋಜಿಸಿ ನಡೆಸಬೇಕಾಗಿದೆ. ಹಣಕಾಸು ಮತ್ತು ಸ್ಥಳದ ಏರ್ಪಾಡು ನನ್ನ ಪಾಲಿಗೆ ಬಂದಿವೆ. ಕಾರ್ಯಕ್ರಮ ಮುಗಿದ ಮೇಲೆ ಪ್ರತಿಯೊಬ್ಬರೂ ತಾವು ಕಲಿತದ್ದರ ಬಗ್ಗೆ ಪ್ರತ್ಯೇಕ ವರದಿ ಸಲ್ಲಿಸಬೇಕು. ಹಿಂದಿನ ವರ್ಷದ ವರದಿಗಳನ್ನು ಓದಿದೆ. ನಾಯಕತ್ವ, ಸಮಯಪಾಲನೆ, ಒಗ್ಗಟ್ಟು ಕಲಿತೆವೆಂದು ಎಲ್ಲರೂ ಬರೆದಿದ್ದಾರೆ. ಯಾರು ಬರೆದ ವರದಿ ಯಾವುದೆಂದು ಗುರುತಿಸಲು ಸಾಧ್ಯವಿಲ್ಲ. ಇಂಥ ಕೆಲಸ ಮಾಡಿದವರು, ಮಾಡಿಸಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ (ವಾಣಿಜ್ಯಶಾಸ್ತ್ರ ಉಪನ್ಯಾಸಕಿ, ಚಿಕ್ಕಮಗಳೂರು)

ನಿಮ್ಮ ಪ್ರಶ್ನೆ ಕಾರ್ಯಕ್ರಮಕ್ಕಿಂತ ಮೊದಲೇ ಬಂದದ್ದು ಒಳ್ಳೆಯದಾಯಿತು. ಕಾರ್ಯಕ್ರಮ ಮುಗಿದ ಮೇಲೆ ಕುಳಿತು ಬರೆದ ವರದಿಯಲ್ಲಿ ಕಲಿಕೆ ಸಿಗುವುದು ಅಪರೂಪ. ಫಲಿತಾಂಶ ತಿಳಿದ ಕೂಡಲೇ ನೆನಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ, ಇದು ಹೀಗೇ ಆಗುತ್ತದೆಂದು ಮೊದಲೇ ಗೊತ್ತಿತ್ತೆಂದು ಎಲ್ಲರಿಗೂ ಅನ್ನಿಸತೊಡಗುತ್ತದೆ. ಆದ್ದರಿಂದ ಇಂದೇ ಒಂದು ನೋಟ್‌ಬುಕ್ ತೆರೆದು, ನೀವು ಕೈಗೊಳ್ಳುವ ಪ್ರತಿಯೊಂದು ನಿರ್ಧಾರವನ್ನೂ ದಿನಾಂಕ ಸಹಿತ ಬರೆದಿಡಿ. ಆ ಹೊತ್ತಿಗೆ ನಿಮಗೆ ಏನು ಗೊತ್ತಿತ್ತು, ಯಾವುದನ್ನು ವಿಚಾರಿಸದೆಯೇ ನಿಜವೆಂದು ಇಟ್ಟುಕೊಂಡಿರಿ, ಬೇರೆ ಅಭಿಪ್ರಾಯ ಯಾರದಿತ್ತು ಎಂಬ ಮೂರು ಸಂಗತಿಗಳು ಅದರಲ್ಲಿದ್ದರೆ ಸಾಕು.

ಇದರ ಉಪಯೋಗವೇನೆಂಬುದಕ್ಕೆ ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ವಿದ್ಯಾರ್ಥಿಗಳ ತಂಡವೊಂದು ಸ್ಪರ್ಧೆಯ ಸಮಾರೋಪವನ್ನು ಸಂಜೆ ಐದೂವರೆಗೆ ಇಟ್ಟುಕೊಂಡಿತ್ತು. ನಾಲ್ಕು ಗಂಟೆ ದಾಟುತ್ತಿದ್ದಂತೆ ಸಭಾಂಗಣ ಖಾಲಿಯಾಗತೊಡಗಿತು. ಮೂಡಿಗೆರೆ, ಕೊಪ್ಪ, ಬೇಲೂರು ಕಡೆಯ ಹಳ್ಳಿಗಳಿಂದ ಬಂದಿದ್ದ ಮಕ್ಕಳು ಊರಿನ ಕೊನೆಯ ಬಸ್ಸು ತಪ್ಪೀತೆಂದು ಎದ್ದು ಹೊರಟಿದ್ದರು. ಬಹುಮಾನಕ್ಕೆ ಹೆಸರು ಕೂಗಿದಾಗ ವೇದಿಕೆಗೆ ಬರಲು ಗೆದ್ದವರೇ ಇರಲಿಲ್ಲ. ತಂಡದ ಹೆಚ್ಚಿನವರು ಸಮಯಪಾಲನೆಯ ಮಹತ್ವ ಅರಿವಾಯಿತೆಂದು ವರದಿ ಬರೆದರು. ನೋಟ್‌ಬುಕ್ ಇಟ್ಟಿದ್ದ ಒಬ್ಬ ಹುಡುಗಿ ಮಾತ್ರ ಹಿಂದಿನ ಪುಟ ತಿರುವಿ ನೋಡಿದಳು. ಅಲ್ಲಿ ‘ಬಹುಮಾನ ಇರುವುದರಿಂದ ಎಲ್ಲರೂ ಕೊನೆಯವರೆಗೆ ಉಳಿಯುತ್ತಾರೆ’ ಎಂದು ಅವಳದೇ ಅಕ್ಷರದಲ್ಲಿತ್ತು. ಈ ಮಾತು ಯಾರಿಗೂ ಏಕೆ ಅನುಮಾನ ಹುಟ್ಟಿಸಲಿಲ್ಲವೆಂದು ಕೇಳಿಕೊಂಡಾಗ, ವೇಳಾಪಟ್ಟಿ ಮಾಡಿದವರೆಲ್ಲರೂ ಪೇಟೆಯವರು ಅಥವಾ ಹಾಸ್ಟೆಲಿನವರು, ಬಸ್ಸು ಹಿಡಿದು ಊರಿಗೆ ಹೋಗುವವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲವೆಂಬುದು ಹೊಳೆಯಿತು. ಯೋಜನೆ ಮಾಡುವಾಗ ಜೊತೆಗೆ ಯಾರು ಕುಳಿತಿರಬೇಕೆಂಬುದು ಅವಳು ಕಲಿತ ಪಾಠ. ಮುಂದಿನ ಕಾರ್ಯಕ್ರಮಕ್ಕೆ ಆಕೆ ಮೊದಲು ಮಾಡಿದ ಕೆಲಸವೆಂದರೆ ಪ್ರತಿ ಕಾಲೇಜಿನ ಪ್ರತಿನಿಧಿಯಿಂದ ಕೊನೆಯ ಬಸ್ಸಿನ ವೇಳೆಯನ್ನು ಬರೆಸಿಕೊಂಡದ್ದು.

ಶಿಕ್ಷಣ ಚಿಂತಕ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಅನುಭವ, ಅವಲೋಕನ, ಅದರಿಂದ ತೆಗೆದ ತತ್ವ, ಆ ತತ್ವದ ಮರುಪ್ರಯೋಗ ಎಂಬ ನಾಲ್ಕು ಹಂತಗಳ ಚಕ್ರ ಇಲ್ಲಿ ಪೂರ್ತಿಯಾಗಿದೆ. ನಿಮ್ಮ ಮಾರ್ಗದರ್ಶಕರು ಬಹುಶಃ ಇನ್ನೊಬ್ಬ ಶಿಕ್ಷಣ ಚಿಂತಕ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಶೀರ್ಷಿಕೆಗಳನ್ನೂ ಸೂಚಿಸಬಹುದು: ವಿವರಣೆ, ಭಾವನೆ, ಮೌಲ್ಯಮಾಪನ, ವಿಶ್ಲೇಷಣೆ, ತೀರ್ಮಾನ, ಮುಂದಿನ ಕ್ರಮ. ಅವುಗಳನ್ನು ಅರ್ಜಿ ನಮೂನೆಯಂತೆ ಸಮನಾಗಿ ತುಂಬಬೇಡಿ. ನಾನು ಓದುವ ವರದಿಗಳಲ್ಲಿ ವಿವರಣೆಗೆ ನಾಲ್ಕು ಪುಟ, ವಿಶ್ಲೇಷಣೆಗೆ ನಾಲ್ಕು ಸಾಲು ಇರುತ್ತದೆ. ಇದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ, ಏಕೆಂದರೆ ಕಾರ್ಯಕ್ರಮ ಹೇಗಾಯಿತೆಂದು ನಾವೇ ಕಣ್ಣಾರೆ ನೋಡಿರುತ್ತೇವೆ.

ಉತ್ತರ (ಕಾರ್ಯಕ್ರಮ ಏರ್ಪಾಡಿನ ವೃತ್ತಿಯಲ್ಲಿರುವವರು, ಹಾಸನ)

ಮೇಡಂ ಅವರ ಮಾತಿಗೆ ಹಣಕಾಸು ಮತ್ತು ಸ್ಥಳದ ಕಡೆಯಿಂದ ನನ್ನದನ್ನು ಸೇರಿಸುತ್ತೇನೆ. ಲೆಕ್ಕದ ಹಾಳೆಯಲ್ಲಿ ಅಂದಾಜು, ಮಾತಾದ ದರ, ಕೊಟ್ಟ ಹಣ ಎಂಬ ಮೂರು ಕಲಂಗಳ ಪಕ್ಕದಲ್ಲಿ ವ್ಯತ್ಯಾಸದ ಕಾರಣಕ್ಕೆ ಇನ್ನೊಂದು ಕಲಂ ಹಾಕಿಕೊಳ್ಳಿ. ಕುರ್ಚಿಯ ಬಾಡಿಗೆ ಕೇಳಿದವರು ಸಾಗಣೆಯನ್ನೂ ಇಳಿಸುವ ಕೂಲಿಯನ್ನೂ ಕೇಳಿರುವುದಿಲ್ಲ, ಜನರೇಟರಿನ ಬಾಡಿಗೆ ಬರೆದುಕೊಂಡವರು ಡೀಸೆಲ್ ಯಾರದೆಂದು ವಿಚಾರಿಸಿರುವುದಿಲ್ಲ. ಆ ಕೊನೆಯ ಕಲಂ ನಿಮ್ಮ ವರದಿಯ ಅರ್ಧ ಭಾಗವನ್ನು ತಾನೇ ಬರೆಸುತ್ತದೆ.

ಶಾಮಿಯಾನದವರು, ಮೈಕ್ ಸೆಟ್ಟಿನವರು, ಅಡುಗೆಯವರು ನಿಮಗೆ ಕೇಳುವ ಪ್ರಶ್ನೆಗಳನ್ನೂ ತಪ್ಪದೆ ಬರೆದಿಟ್ಟುಕೊಳ್ಳಿ. ವೃತ್ತಿಯ ಜ್ಞಾನ ಹೆಚ್ಚಾಗಿ ಆ ಪ್ರಶ್ನೆಗಳಲ್ಲೇ ಇರುತ್ತದೆ. ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಿರಿಯ ಶಾಮಿಯಾನದವರೊಬ್ಬರು ದರ ಹೇಳುವ ಮೊದಲು ಮೈದಾನಕ್ಕೆ ಬಂದು, ಚಪ್ಪಲಿಯ ಹಿಮ್ಮಡಿಯಿಂದ ಮಣ್ಣನ್ನು ಒತ್ತಿ ನೋಡಿ, ನೀರು ಯಾವ ಕಡೆ ಹರಿಯುತ್ತದೆಂದು ಕೇಳಿದ್ದರು. ಬಟ್ಟೆಯ ಶಾಮಿಯಾನ ಬಿಸಿಲಿಗೆ ಆಗುತ್ತದೆ, ಮಳೆಗೆ ತಗಡಿನ ಪೆಂಡಾಲೇ ಬೇಕು, ನೆಲ ಕೆಸರಾದರೆ ಎರಡೂ ಪ್ರಯೋಜನಕ್ಕೆ ಬಾರವು ಎಂಬುದನ್ನು ಅವರು ಆ ಒಂದು ಪ್ರಶ್ನೆಯಲ್ಲಿ ಹೇಳಿಬಿಟ್ಟಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಾಂಕವಾದರೆ ಹಾಸನಾಂಬ ಕಲಾಕ್ಷೇತ್ರದಂಥ ಸಭಾಂಗಣದ ಬಾಡಿಗೆಯನ್ನು ಪೆಂಡಾಲಿನ ಒಟ್ಟು ಖರ್ಚಿನೊಂದಿಗೆ ಹೋಲಿಸಿ ನೋಡಿ, ಆ ಹೋಲಿಕೆಯನ್ನೂ ವರದಿಯಲ್ಲಿ ಸೇರಿಸಿ. ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳನ್ನು ತಪ್ಪಿಸಿ, ಲಾಡ್ಜುಗಳೂ ಬಸ್ಸುಗಳೂ ಭಕ್ತರಿಂದ ತುಂಬಿರುತ್ತವೆ.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಅದನ್ನು ಬಳಸುವಂತಿಲ್ಲ. ಅರ್ಜಿ ಕೊಟ್ಟ ದಿನ ಮತ್ತು ಅನುಮತಿ ಕೈಗೆ ಬಂದ ದಿನ ಎರಡನ್ನೂ ಗುರುತು ಹಾಕಿಕೊಳ್ಳಿ. ಮುಂದಿನ ತಂಡಕ್ಕೆ ಇದಕ್ಕಿಂತ ಉಪಯುಕ್ತ ಮಾಹಿತಿ ಇನ್ನೊಂದಿಲ್ಲ.

ಉತ್ತರ (ಹಳೆಯ ವಿದ್ಯಾರ್ಥಿ, ಮೂಡಿಗೆರೆ)

ಒಂದೇ ಮಾತು. ತಂಡದಲ್ಲಿ ಯಾರಾದರೂ ಸಭೆಗೆ ಬರದಿದ್ದರೆ ‘ಸಹಕರಿಸಲಿಲ್ಲ’ ಎಂದು ಬರೆದು ಮುಗಿಸಬೇಡಿ. ನಮ್ಮ ಕಡೆ ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕಾಫಿಯ ಹಣ್ಣು ಕೊಯ್ಲು, ಅದು ಮುಗಿಯುವ ಹೊತ್ತಿಗೆ ರೊಬಸ್ಟಾ. ಸಣ್ಣ ಬೆಳೆಗಾರರ ಮಕ್ಕಳು ಕಾಲೇಜು ಬಿಟ್ಟ ಮೇಲೆ ಕಣದಲ್ಲಿ ಇರಲೇಬೇಕಾಗುತ್ತದೆ. ಸಭೆಯನ್ನು ಊಟದ ವಿರಾಮಕ್ಕೆ ಬದಲಾಯಿಸಿದ ಮೇಲೆ ಪೂರ್ತಿ ಹಾಜರಿ ಸಿಕ್ಕ ತಂಡದಲ್ಲಿ ನಾನಿದ್ದೆ.

ಮರುಪ್ರಶ್ನೆ (ವಿದ್ಯಾರ್ಥಿನಿ)

ಎಲ್ಲರಿಗೂ ಧನ್ಯವಾದಗಳು. ಮೇಡಂ, ತಂಡದೊಳಗೆ ಭಿನ್ನಾಭಿಪ್ರಾಯ ಬಂದರೆ ಅದನ್ನು ವರದಿಯಲ್ಲಿ ಬರೆಯಬಹುದೇ? ಗೆಳತಿಯರಿಗೆ ನೋವಾಗುವುದು ನನಗೆ ಇಷ್ಟವಿಲ್ಲ.

ಉತ್ತರ (ಉಪನ್ಯಾಸಕಿ)

ಖಂಡಿತ ಬರೆಯಬೇಕು, ಆದರೆ ಯಾರು ಎಂಬುದನ್ನು ಬಿಟ್ಟು ಯಾವ ವಿಷಯಕ್ಕೆ ಎಂಬುದನ್ನು ಬರೆಯಿರಿ. ‘ಸಭಾಂಗಣ ಬೇಕೆಂದವರ ಕಾರಣ ಮಳೆ, ಮೈದಾನ ಬೇಕೆಂದವರ ಕಾರಣ ಖರ್ಚು, ಕೊನೆಗೆ ಇಂಥ ಆಧಾರದ ಮೇಲೆ ತೀರ್ಮಾನವಾಯಿತು’ ಎಂಬಷ್ಟರಲ್ಲಿ ಯಾರ ಹೆಸರೂ ಬರುವುದಿಲ್ಲ, ಆದರೂ ಜಗಳದ ತಿರುಳು ಬರುತ್ತದೆ. ನಿಮ್ಮ ಮಾತು ಸೋತಿದ್ದರೆ, ಎದುರಿನವರ ಕಾರಣವನ್ನು ಅವರೇ ಓದಿ ಒಪ್ಪುವ ಹಾಗೆ ಬರೆಯಲು ಪ್ರಯತ್ನಿಸಿ. ಸಲ್ಲಿಸುವ ಮುನ್ನ ಆ ಭಾಗವನ್ನು ಅವರಿಗೆ ತೋರಿಸಿ. ನೋಟ್‌ಬುಕ್ಕಿನಲ್ಲಿ ಎಡಪುಟದಲ್ಲಿ ಮಾತ್ರ ಬರೆದು ಬಲಪುಟವನ್ನು ಖಾಲಿ ಬಿಡಿ. ಕಾರ್ಯಕ್ರಮವಾಗಿ ಒಂದು ವಾರ ಕಳೆದ ಮೇಲೆ, ಎಡಪುಟದ ಒಂದಕ್ಷರವನ್ನೂ ತಿದ್ದದೆ, ಪ್ರತಿ ನಿರ್ಧಾರದ ಎದುರಿಗೆ ನಡೆದದ್ದೇನೆಂದು ತುಂಬಿಕೊಂಡು ಬನ್ನಿ. ಎರಡು ಪುಟಗಳು ಎಲ್ಲಿ ಹೊಂದುವುದಿಲ್ಲವೋ ಅಂಥ ಎರಡು ಮೂರು ಜಾಗಗಳನ್ನು ಆರಿಸಿಕೊಂಡು ವರದಿ ಬರೆಯಲು ಶುರುಮಾಡಿ.